ನುಡಿಸಿದ ಕೈಯ ದಾಖಲೆ: ಮಿಡಿ ತಿದ್ದುಪಡಿಯ ಕುರಿತು ಕೆಲವು ಮಾತುಗಳು

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಗಾನವೃಂದದ ಸಂಗೀತ ಶಿಬಿರದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪೂರ್ಣಪಾಠ)



ಶತಮಾನೋತ್ಸವದ ಗೀತೆಗಳ ವಿಚಾರದಲ್ಲಿ ನಮ್ಮೊಳಗೆ ಎರಡು ಅಭಿಪ್ರಾಯಗಳು ತಲೆದೋರಿರುವುದು ತಮಗೆಲ್ಲರಿಗೂ ತಿಳಿದಿದೆ. ನಮ್ಮ ವಾದ್ಯದ ಮೇಷ್ಟರು ನಾಲ್ಕು ದಶಕಗಳಿಗೂ ಮೀರಿ ಈ ದೇವಾಲಯದಲ್ಲಿ ನುಡಿಸಿಕೊಂಡು ಬಂದ ಗೀತೆಗಳಲ್ಲಿ ಮೂವತ್ತಕ್ಕೂ ಹೆಚ್ಚನ್ನು ಕೀಲಿಮಣೆಯಿಂದ ನೇರವಾಗಿ ಗಣಕಯಂತ್ರಕ್ಕೆ ಇಳಿಸಿದ್ದೇವೆ. ಅವುಗಳಲ್ಲಿ ಬಹುಪಾಲು ಗೀತೆಗಳಿಗೆ ಸ್ವರಲಿಪಿ ಎಂಬುದೇ ಇಲ್ಲ. ಅವು ಇರುವುದು ಮೇಷ್ಟರ ಬೆರಳುಗಳಲ್ಲಿ ಮಾತ್ರ. ಆ ಬೆರಳುಗಳು ಈಗ ವಯಸ್ಸಿನ ಕಾರಣದಿಂದ ನಡುಗುತ್ತವೆ. ದಾಖಲೆಯನ್ನು ಶುದ್ಧಗೊಳಿಸಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಎಷ್ಟು ಶುದ್ಧಗೊಳಿಸಬೇಕು ಎಂಬುದೇ ಪ್ರಶ್ನೆ. ತರುಣರು ಸಿದ್ಧಪಡಿಸಿದ ಮೊದಲ ನಾಲ್ಕು ಗೀತೆಗಳನ್ನು ಕೇಳಿದ ಹಿರಿಯರು, “ಎಲ್ಲ ಸರಿಯಾಗಿದೆ, ಆದರೆ ಇದು ಮೇಷ್ಟರು ನುಡಿಸಿದ ಹಾಗಿಲ್ಲ” ಎಂದರು. ತರುಣರಾದರೋ, “ತಾಳ ತಪ್ಪಿದ ದಾಖಲೆಯನ್ನು ಇಟ್ಟುಕೊಂಡು ಅಭ್ಯಾಸ ಮಾಡುವುದು ಹೇಗೆ?” ಎಂದು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಮೇಷ್ಟರು ಇಂದು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಅವರ ಅಪ್ಪಣೆಯನ್ನು ಪಡೆದೇ ಅವರ ಕೈಯ ವಿಷಯವನ್ನು ಇಲ್ಲಿ ಎತ್ತುತ್ತಿದ್ದೇನೆ.

ಮೊದಲು, ನಮ್ಮ ಕೈಯಲ್ಲಿರುವುದು ಏನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಮಿಡಿ ಎಂಬುದು ಧ್ವನಿಮುದ್ರಣವಲ್ಲ. ಅದರಲ್ಲಿ ಧ್ವನಿಯ ಒಂದು ತುಣುಕೂ ಇರುವುದಿಲ್ಲ. ಯಾವ ಕೀಲಿಯನ್ನು, ಯಾವ ಕ್ಷಣದಲ್ಲಿ, ಎಷ್ಟು ರಭಸದಿಂದ ಒತ್ತಲಾಯಿತು, ಯಾವಾಗ ಬಿಡಲಾಯಿತು, ಕಾಲಿನ ಪೆಡಲು ಯಾವಾಗ ಕೆಳಗಿಳಿಯಿತು ಎಂಬ ಸೂಚನೆಗಳು ಮಾತ್ರ ಅದರಲ್ಲಿ ಇರುತ್ತವೆ. ಸಿ.ಡಿ. ಮಟ್ಟದ ಧ್ವನಿಮುದ್ರಣಕ್ಕೆ ನಿಮಿಷಕ್ಕೆ ಸುಮಾರು 10 ಮೆಗಾಬೈಟು ಸ್ಥಳ ಬೇಕಾದರೆ, ನಾಲ್ಕು ನಿಮಿಷಗಳ ಒಂದು ಗೀತೆಯ ಮಿಡಿ ಕಡತ ಕೆಲವು ಹತ್ತು ಕಿಲೋಬೈಟುಗಳಲ್ಲಿ ಮುಗಿದುಹೋಗುತ್ತದೆ. ಹಾಡಿದ್ದನ್ನು ಧ್ವನಿಮುದ್ರಿಸಿದರೆ ಅದರೊಳಗಿನ ಒಂದು ತಪ್ಪು ಸ್ವರವನ್ನು ಬೇರ್ಪಡಿಸಿ ತೆಗೆಯುವುದು ಬಹು ಪ್ರಯಾಸದ ಕೆಲಸ. ಮಿಡಿಯಲ್ಲಾದರೋ ಪ್ರತಿಯೊಂದು ಸ್ವರವೂ ಬಿಡಿಬಿಡಿಯಾಗಿ ನಿಂತಿರುವುದರಿಂದ, ಬೆರಳ ತುದಿಯಿಂದ ಹೂವಿನ ಮೇಲಿನ ಹುಳುವನ್ನು ತೆಗೆದಂತೆ ತೆಗೆಯಬಹುದು. ಇದೇ ಅದರ ಅನುಕೂಲ. ಅಪಾಯವೂ ಇದರಲ್ಲೇ ಇದೆ. ಏಕೆಂದರೆ ಹುಳುವನ್ನು ತೆಗೆದಷ್ಟೇ ಸುಲಭವಾಗಿ ಎಸಳನ್ನೂ ಕಿತ್ತುಬಿಡಬಹುದು.

ಈ ಪದ್ಧತಿಯ ಇತಿಹಾಸ ಸ್ವಾರಸ್ಯವಾದದ್ದು. 1980ರ ಆಸುಪಾಸಿನಲ್ಲಿ ಒಂದು ಸಂಸ್ಥೆಯ ವಿದ್ಯುನ್ಮಾನ ವಾದ್ಯ ಮತ್ತೊಂದು ಸಂಸ್ಥೆಯ ವಾದ್ಯದೊಡನೆ ಮಾತನಾಡುತ್ತಿರಲಿಲ್ಲ. ಜಪಾನಿನ ರೋಲ್ಯಾಂಡ್ ಸಂಸ್ಥೆಯ ಸ್ಥಾಪಕ ಇಕುತಾರೊ ಕಾಕೆಹಾಶಿ ಮತ್ತು ಅಮೆರಿಕದ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಸಂಸ್ಥೆಯ ಡೇವ್ ಸ್ಮಿತ್ ಇವರಿಬ್ಬರೂ, ಎಲ್ಲ ವಾದ್ಯಗಳಿಗೂ ಒಂದೇ ಭಾಷೆ ಇರಬೇಕೆಂದು ಪ್ರಯತ್ನಿಸಿದರು. ಸ್ಮಿತ್ ಅವರು ಚೆಟ್ ವುಡ್ ಎಂಬ ಸಹೋದ್ಯೋಗಿಯೊಡನೆ 1981ರಲ್ಲಿ ಈ ಕುರಿತು ಒಂದು ಪ್ರಬಂಧವನ್ನು ಮಂಡಿಸಿದರು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯ ವ್ಯಾಪಾರಿಗಳ ಮೇಳದಲ್ಲಿ ಪ್ರಾಫೆಟ್-600 ಮತ್ತು ಜುಪಿಟರ್-6 ಎಂಬ ಎರಡು ಪ್ರತಿಸ್ಪರ್ಧಿ ಸಂಸ್ಥೆಗಳ ವಾದ್ಯಗಳನ್ನು ಒಂದು ತಂತಿಯಿಂದ ಜೋಡಿಸಿ, ಒಂದನ್ನು ನುಡಿಸಿದಾಗ ಮತ್ತೊಂದೂ ನುಡಿಯುವುದನ್ನು ತೋರಿಸಲಾಯಿತು. ಅದೇ ವರ್ಷ ನಿಯಮಾವಳಿ ಪ್ರಕಟವಾಯಿತು. ಕಡತದ ಸಾಮಾನ್ಯ ಸ್ವರೂಪ 1988ರಲ್ಲಿ, ಯಾವ ಸಂಖ್ಯೆಗೆ ಯಾವ ವಾದ್ಯ ಎಂಬ ಸಾಮಾನ್ಯ ಪಟ್ಟಿ 1991ರಲ್ಲಿ ನಿಗದಿಯಾದವು. ಇದಕ್ಕಾಗಿ ಕಾಕೆಹಾಶಿ ಮತ್ತು ಸ್ಮಿತ್ ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಸಂದಿತು. ಕಾಕೆಹಾಶಿ 2017ರಲ್ಲಿಯೂ ಸ್ಮಿತ್ 2022ರಲ್ಲಿಯೂ ತೀರಿಕೊಂಡರು. 2020ರಲ್ಲಿ ಇದರ ಎರಡನೆಯ ಆವೃತ್ತಿ ಹೊರಬಂದಿದೆಯಾದರೂ ನಮ್ಮ ಕೀಲಿಮಣೆ ಮಾತನಾಡುವುದು 1983ರ ಆ ಹಳೆಯ ಭಾಷೆಯನ್ನೇ.

ಆ ಭಾಷೆಯ ಅಕ್ಷರಮಾಲೆ ಬಹು ಚಿಕ್ಕದು. ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳು. ಕೀಲಿಮಣೆಯ ನಡುವಿನ ಷಡ್ಜ, ಅಂದರೆ ಮಧ್ಯದ ‘ಸಿ’, 60ನೆಯದು. ಒತ್ತಿನ ರಭಸಕ್ಕೆ ‘ವೆಲಾಸಿಟಿ’ ಎಂದು ಹೆಸರು; ಅದಕ್ಕೂ 127ರವರೆಗೆ ಅಂಕಗಳು. ಪೆಡಲಿಗೆ 64ನೆಯ ನಿಯಂತ್ರಣ, ಧ್ವನಿಯ ಪ್ರಮಾಣಕ್ಕೆ 7ನೆಯದು. ಒಂದು ತಂತಿಯಲ್ಲಿ 16 ಮಾರ್ಗಗಳು. ಮೂಲ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್ಟುಗಳು ಹರಿಯುತ್ತವೆ. ಅಂದರೆ ಒಂದು ಸ್ವರದ ಸೂಚನೆ ದಾಟಲು ಹೆಚ್ಚುಕಡಮೆ ಸೆಕೆಂಡಿನ ಸಾವಿರದ ಒಂದು ಭಾಗ ಬೇಕು. ಹತ್ತು ಬೆರಳುಗಳಿಂದ ಒಟ್ಟಿಗೆ ಒತ್ತಿದರೂ ಸೂಚನೆಗಳು ಒಂದರ ಹಿಂದೊಂದಾಗಿ ಸಾಲುಗಟ್ಟಿಯೇ ಹೋಗಬೇಕು. ಕಿವಿಗೆ ಅದು ಗೊತ್ತಾಗುವುದಿಲ್ಲವೆನ್ನಿ.

ಕೇಕ್‌ವಾಕ್, ಕ್ಯೂಬೇಸ್, ಲಾಜಿಕ್, ರೀಪರ್, ಎಫ್.ಎಲ್. ಸ್ಟುಡಿಯೊ ಮುಂತಾದ ಯಾವ ತಂತ್ರಾಂಶವನ್ನು ತೆರೆದರೂ ಸ್ವರಗಳು ಪರದೆಯ ಮೇಲೆ ಅಡ್ಡಪಟ್ಟಿಗಳಾಗಿ ಕಾಣುತ್ತವೆ. ಎಡಗಡೆ ಕೀಲಿಮಣೆಯ ಚಿತ್ರ. ಪಟ್ಟಿ ಮೇಲಿದ್ದಷ್ಟೂ ಸ್ವರ ಎತ್ತರ, ಉದ್ದವಿದ್ದಷ್ಟೂ ಸ್ವರ ದೀರ್ಘ. ಈ ನೋಟಕ್ಕೆ ‘ಪಿಯಾನೊ ರೋಲ್’ ಎಂದು ಹೆಸರು ಬಂದದ್ದು ಗಾಳಿಯ ಒತ್ತಡದಿಂದ ತಾನೇ ನುಡಿಯುತ್ತಿದ್ದ ಹಳೆಯ ಪಿಯಾನೊಗಳಿಂದ. ಅವುಗಳಲ್ಲಿ ಉದ್ದನೆಯ ಕಾಗದದ ಸುರುಳಿಯ ಮೇಲೆ ರಂಧ್ರಗಳನ್ನು ಕೊರೆದಿರುತ್ತಿದ್ದರು. 1904ರಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದ ವೆಲ್ಟೆ ಸಂಸ್ಥೆ ಹೊರತಂದ ವೆಲ್ಟೆ-ಮಿನ್ಯೋನ್ ಎಂಬ ಯಂತ್ರ ವಾದಕನ ಬೆರಳಿನ ಒತ್ತನ್ನೂ ಸುರುಳಿಯಲ್ಲಿ ಹಿಡಿದಿಡಲು ಯತ್ನಿಸಿತು. ಅಂದಿನ ಸುರುಳಿಗಳನ್ನೂ ತಿದ್ದುತ್ತಿದ್ದರು: ತಪ್ಪಾದ ರಂಧ್ರಕ್ಕೆ ಕಾಗದದ ತುಂಡನ್ನು ಅಂಟಿಸಿ ಮುಚ್ಚಿ, ಬೇಕಾದ ಕಡೆ ಹೊಸದನ್ನು ಕೊರೆಯುವುದು. ಆದುದರಿಂದ ತಾವು ಮಾಡುತ್ತಿರುವ ಕೆಲಸ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. ತಾವು ಪ್ರಶ್ನಿಸಿಕೊಳ್ಳುತ್ತಿರುವ ಪ್ರಶ್ನೆಯೂ ಹೊಸದಲ್ಲ.

ಇನ್ನು ಕೆಲಸದ ಕ್ರಮಕ್ಕೆ ಬರುತ್ತೇನೆ.

ಮೇಷ್ಟರು ನುಡಿಸಿದ ಮೂಲ ಕಡತವನ್ನು ಯಾವ ಕಾರಣಕ್ಕೂ ತಿದ್ದತಕ್ಕದ್ದಲ್ಲ. ಅದರ ಪ್ರತಿಯೊಂದನ್ನು ಮಾಡಿಕೊಂಡು ಪ್ರತಿಯಲ್ಲೇ ಕೆಲಸ ಮಾಡತಕ್ಕದ್ದು. ನಮ್ಮ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ತಪ್ಪಿದ್ದರೆ ಅಂಚಿನಲ್ಲಿ ಟಿಪ್ಪಣಿ ಬರೆಯುತ್ತೇವೆಯೇ ಹೊರತು ಮೂಲ ಬರಹವನ್ನು ಕೆರೆದು ಅಳಿಸುವುದಿಲ್ಲವಷ್ಟೆ? ಇದೂ ಹಾಗೆಯೇ. ಈ ಒಂದು ನಿಯಮವನ್ನು ಪಾಲಿಸಿದರೆ ಉಳಿದ ಯಾವ ಅತ್ಯುತ್ಸಾಹಕ್ಕೂ ಪರಿಹಾರವಿರುತ್ತದೆ.

ಅನಂತರ ಕೈತಪ್ಪುಗಳನ್ನು ಹೆಕ್ಕಬೇಕು. ಇವುಗಳಲ್ಲಿ ಎರಡು ಜಾತಿಗಳು ನಮ್ಮ ಕಡತಗಳಲ್ಲಿ ಹೇರಳವಾಗಿವೆ. ಒಂದು, ಪಕ್ಕದ ಕೀಲಿಗೆ ಬೆರಳು ಸವರಿಕೊಂಡು ಹೋದದ್ದು. ಇದರ ವೆಲಾಸಿಟಿ ಬಹು ಕಡಮೆ, ಹತ್ತು ಹದಿನೈದು ಇರಬಹುದು. ಉದ್ದವೂ ಕಣ್ಣಿಗೆ ಕಾಣದಷ್ಟು ಕಿರಿದು. ಪಿಯಾನೊ ಧ್ವನಿಯಲ್ಲಿ ಕೇಳಿದರೆ ಇಂಥವು ಕಿವಿಗೆ ಬೀಳುವುದೇ ಇಲ್ಲ. ಆದರೆ ಅದೇ ಕಡತವನ್ನು ಆರ್ಗನ್ ಧ್ವನಿಗೆ ಬದಲಾಯಿಸಿದ ಕೂಡಲೇ ಎದ್ದುಕಾಣುತ್ತವೆ. ಕಾರಣವಿಷ್ಟೆ: ಕೊಳವೆಯ ಆರ್ಗನ್ನಿಗೆ ಒತ್ತಿನ ರಭಸದ ಪರಿವೆಯಿಲ್ಲ, ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಧ್ವನಿ. ಆದಕಾರಣ ದೇವಾಲಯದ ಗೀತೆಗಳನ್ನು ಪರೀಕ್ಷಿಸುವಾಗ ಒಮ್ಮೆ ಪಿಯಾನೊ ಧ್ವನಿಯಲ್ಲೂ ಒಮ್ಮೆ ಆರ್ಗನ್ ಧ್ವನಿಯಲ್ಲೂ ಕೇಳಲೇಬೇಕು. ಸಾಮಾನ್ಯ ಪಟ್ಟಿಯಲ್ಲಿ 20ನೆಯದು ಚರ್ಚ್ ಆರ್ಗನ್, 21ನೆಯದು ರೀಡ್ ಆರ್ಗನ್. ನಮ್ಮ ಹಾರ್ಮೋನಿಯಮ್ಮಿಗೆ ಹತ್ತಿರದ ಬಂಧು ಈ ಎರಡನೆಯದು.

ಮತ್ತೊಂದು ಜಾತಿಯೇ ನಡುಗುವ ಬೆರಳಿನದು. ಒಂದೇ ಕೀಲಿ ಎರಡು ಸಲ ಒತ್ತಲ್ಪಡುತ್ತದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಮೂವತ್ತೋ ನಲವತ್ತೋ ಮಿಲಿಸೆಕೆಂಡಿನ ಅಂತರ. ಇದು ಬೇಕೆಂದು ನುಡಿಸಿದ ಪುನರುಕ್ತಿಯಾಗಿರಲಾರದೆಂದು ಲೆಕ್ಕದಿಂದಲೇ ಸಿದ್ಧಪಡಿಸಬಹುದು. ನಿಮಿಷಕ್ಕೆ 72 ಮಾತ್ರೆಗಳ ಗತಿಯಲ್ಲಿ ಒಂದು ಮಾತ್ರೆಗೆ 833 ಮಿಲಿಸೆಕೆಂಡು, ಅರ್ಧ ಮಾತ್ರೆಗೆ 416, ಕಾಲು ಮಾತ್ರೆಗೆ 208. ನಮ್ಮ ಯಾವ ಗೀತೆಯಲ್ಲೂ ಒಂದೇ ಸ್ವರ ಕಾಲು ಮಾತ್ರೆಗಿಂತ ಬೇಗ ಮರುಕಳಿಸುವುದಿಲ್ಲ. ಆದ್ದರಿಂದ 80 ಮಿಲಿಸೆಕೆಂಡಿನೊಳಗೆ ಅದೇ ಸ್ವರ ಮತ್ತೆ ಬಂದರೆ ಅದು ನಡುಕವೇ ಎಂದು ನಿಶ್ಚಿಂತೆಯಿಂದ ತೀರ್ಮಾನಿಸಬಹುದು. ಇಲ್ಲಿ ಒಂದು ಎಚ್ಚರಿಕೆ ಬೇಕು: ಎರಡರಲ್ಲಿ ಒಂದನ್ನು ಕಿತ್ತೆಸೆದರೆ ಸ್ವರ ಮೊಟಕಾಗಿಬಿಡುತ್ತದೆ. ಮೊದಲನೆಯದರ ಆರಂಭವನ್ನೂ ಎರಡನೆಯದರ ಅಂತ್ಯವನ್ನೂ ಉಳಿಸಿಕೊಂಡು ಎರಡನ್ನೂ ಒಂದೇ ಪಟ್ಟಿಯಾಗಿ ಬೆಸೆಯಬೇಕು. ಸ್ವರ ಆರಂಭವಾಗಬೇಕೆಂದು ಮೇಷ್ಟರು ಬಯಸಿದ್ದು ಮೊದಲನೆಯ ಒತ್ತಿನಲ್ಲಿ. ಅದು ಮುಗಿಯಬೇಕೆಂದು ಬಯಸಿದ್ದು ಎರಡನೆಯದರ ಬಿಡುಗಡೆಯಲ್ಲಿ.

ಕ್ಯೂಬೇಸ್‌ನ ‘ಲಾಜಿಕಲ್ ಎಡಿಟರ್’, ಲಾಜಿಕ್‌ನ ‘ಟ್ರಾನ್ಸ್‌ಫಾರ್ಮ್’ ಇವುಗಳಿಗೆ “ಇಷ್ಟಕ್ಕಿಂತ ಕಡಮೆ ಒತ್ತು, ಇಷ್ಟಕ್ಕಿಂತ ಕಡಮೆ ಉದ್ದ ಇರುವ ಸ್ವರಗಳನ್ನೆಲ್ಲ ಆರಿಸು” ಎಂದು ಷರತ್ತು ಕೊಟ್ಟರೆ ಕ್ಷಣಾರ್ಧದಲ್ಲಿ ಹೆಕ್ಕಿ ಕೊಡುತ್ತವೆ. ಹೆಕ್ಕಲಿ, ಆದರೆ ಅಳಿಸುವ ಮುನ್ನ ಒಂದೊಂದನ್ನೂ ಕೇಳಿ. ಮಂದ್ರದಲ್ಲಿ ಬೇಕೆಂದೇ ಮೆಲ್ಲಗೆ ಒತ್ತಿದ ಸ್ವರವೂ ಅದೇ ಜರಡಿಗೆ ಸಿಕ್ಕಿಬಿಡಬಹುದು.

ಸ್ವರವನ್ನು ಬಿಡುವ ಸೂಚನೆ ದಾಖಲಾಗದೆ ಹೋದರೆ ಆ ಸ್ವರ ನಿಲ್ಲದೆ ಮೊರೆಯುತ್ತಲೇ ಇರುತ್ತದೆ. ಅದರ ಪಟ್ಟಿಯನ್ನು ಮೊಟಕುಗೊಳಿಸಿದರೆ ಸಾಕು. ಅಭ್ಯಾಸದ ನಡುವೆ ಹೀಗಾದರೆ ಗಾಬರಿ ಬೇಡ. 123ನೆಯ ನಿಯಂತ್ರಣ, ಎಲ್ಲ ಸ್ವರಗಳನ್ನೂ ನಿಲ್ಲಿಸುವ ಆಜ್ಞೆ, ಇರುವುದೇ ಇದಕ್ಕಾಗಿ.

ಪೆಡಲಿನ ವಿಷಯವನ್ನು ನಮ್ಮ ತರುಣರು ಅಲಕ್ಷಿಸುತ್ತಾರೆ, ಏಕೆಂದರೆ ಪಿಯಾನೊ ರೋಲ್‌ನಲ್ಲಿ ಅದು ಕಾಣುವುದಿಲ್ಲ. ಕೆಳಗಿನ ಬೇರೆ ಅಂಕಣದಲ್ಲಿ ತೆರೆದು ನೋಡಬೇಕು. ಸ್ವರಗಳೆಲ್ಲ ಸರಿಯಾಗಿದ್ದೂ ಹಾಡು ಕಲಸುಮೇಲೋಗರವಾಗಿ ಕೇಳಿಸಿದರೆ ಹತ್ತರಲ್ಲಿ ಒಂಬತ್ತು ಸಲ ಪೆಡಲೇ ಕಾರಣ. ಸ್ವರಮೇಳ ಬದಲಾದ ಮೇಲೂ ಕಾಲು ಕೆಳಗೇ ಇದ್ದರೆ ಹಳೆಯ ಮೇಳದ ಮೇಲೆ ಹೊಸ ಮೇಳ ಕುಳಿತುಕೊಳ್ಳುತ್ತದೆ. ಇನ್ನು ಪಿಯಾನೊ ಧ್ವನಿಯಲ್ಲಿ ಪೆಡಲು ಹಿಡಿದು ನುಡಿಸಿದ್ದನ್ನು ಆರ್ಗನ್ನಿಗೆ ವರ್ಗಾಯಿಸಿದರಂತೂ ಸಂಕಟ ಇಮ್ಮಡಿ. ಪಿಯಾನೊದ ಸ್ವರ ತಾನಾಗಿಯೇ ಕ್ಷೀಣಿಸುತ್ತದೆ; ಆರ್ಗನ್ನಿನ ಸ್ವರ ಬಿಡುವವರೆಗೂ ಕ್ಷೀಣಿಸದು. ಅಂಥಲ್ಲಿ 64ನೆಯ ನಿಯಂತ್ರಣದ ಸೂಚನೆಗಳನ್ನು ಪೂರ್ತಿಯಾಗಿ ತೆಗೆದು, ಸ್ವರಗಳ ಉದ್ದವನ್ನೇ ಕೈಯಿಂದ ಸರಿಪಡಿಸುವುದು ಲೇಸು. ಆರ್ಗನ್ ವಾದನದಲ್ಲಿ ಅಭಿವ್ಯಕ್ತಿಯೆಲ್ಲ ಇರುವುದು ಬಿಡುವುದರಲ್ಲಿ. ಯಾವ ಸ್ವರವನ್ನು ಮುಂದಿನದಕ್ಕೆ ತಾಗಿಸಬೇಕು, ಯಾವುದರ ನಂತರ ಕೂದಲೆಳೆಯಷ್ಟು ಬಿರುಕು ಬಿಡಬೇಕು ಎಂಬುದರಲ್ಲಿ.

ಈಗ ಜಗಳದ ಮೂಲಕ್ಕೆ ಬಂದೆವು. ‘ಕ್ವಾಂಟೈಜ್’ ಎಂಬ ಆಜ್ಞೆಯ ಕೆಲಸವೇನೆಂದರೆ, ಪರದೆಯ ಮೇಲೆ ಸಮಾನ ಅಂತರದಲ್ಲಿ ಎಳೆದಿರುವ ತಾಳದ ಗೆರೆಗಳಲ್ಲಿ ಅತಿ ಸಮೀಪದ ಗೆರೆಗೆ ಪ್ರತಿಯೊಂದು ಸ್ವರವನ್ನೂ ಎಳೆದು ನಿಲ್ಲಿಸುವುದು. ಮೊದಲ ನಾಲ್ಕು ಗೀತೆಗಳಿಗೆ ನಮ್ಮ ತರುಣರು ಇದನ್ನು ನೂರಕ್ಕೆ ನೂರರಷ್ಟು ಬಲದಿಂದ ಪ್ರಯೋಗಿಸಿದ್ದರು. ಪರಿಣಾಮವಾಗಿ ಮೂರು ಸಂಗತಿಗಳು ನಡೆದುವು. ಮೇಷ್ಟರು ಸ್ವರಮೇಳವನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲನೆ ಬಿಡಿಸಿ ನುಡಿಸಿದಲ್ಲೆಲ್ಲ ಸ್ವರಗಳು ಒಂದೇ ಗೆರೆಗೆ ಬಂದು, ಹಲಗೆಯನ್ನು ನೆಲಕ್ಕೆ ಬೀಳಿಸಿದಂತೆ ಒಟ್ಟಿಗೆ ಬಿದ್ದುವು. ಚರಣದ ಕೊನೆಯಲ್ಲಿ ಅವರು ನಿಲ್ಲಿಸುತ್ತಿದ್ದ ಬಿಡುವು ಮಾಯವಾಯಿತು. ಮೂರನೆಯ ಗೀತೆಯಲ್ಲಂತೂ ಪಲ್ಲವಿ ಅರ್ಧ ಮಾತ್ರೆಯಷ್ಟು ಪಕ್ಕಕ್ಕೇ ಸರಿಯಿತು. ಬಿಡುವಿನ ಉದ್ದ ಗೆರೆಗಳ ನಡುವಣ ಅಂತರದ ಅರ್ಧವನ್ನು ಮೀರಿದಾಗ, ಹಿಂದಿನ ಗೆರೆಯ ಬದಲು ಮುಂದಿನ ಗೆರೆಯೇ ಸಮೀಪವಾಗುತ್ತದೆ. ಯಂತ್ರ ತನಗೆ ಹೇಳಿದ್ದನ್ನು ಮಾಡಿದೆ, ಅದರ ತಪ್ಪಿಲ್ಲ.

ಆ ಬಿಡುವು ಏಕೆ ಇತ್ತು ಎಂಬುದನ್ನು ಯೋಚಿಸಬೇಕು. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುತ್ತದೆ. ವಾದ್ಯದಿಂದ 30 ಮೀಟರು ಹಿಂದೆ, ಹೆಬ್ಬಾಗಿಲ ಬಳಿ ನಿಂತವರಿಗೆ ಸ್ವರ ತಲುಪಲು 87 ಮಿಲಿಸೆಕೆಂಡು ಬೇಕು. ಅವರು ಹಾಡಿದ್ದು ವಾದಕರ ಕಿವಿಗೆ ಹಿಂದಿರುಗಲು ಮತ್ತೆ ಅಷ್ಟೇ. ಒಟ್ಟು 175 ಮಿಲಿಸೆಕೆಂಡು, ಅಂದರೆ ನಾವು ಮೊದಲು ಹೇಳಿದ ಗತಿಯಲ್ಲಿ ಹತ್ತಿರ ಹತ್ತಿರ ಕಾಲು ಮಾತ್ರೆ. ಹಿಂದಿನ ಸಾಲಿನ ಸಭಿಕರ ದನಿಗೆ ಕಿವಿಗೊಟ್ಟು ನುಡಿಸಿದ ವಾದಕ ಪ್ರತಿ ಚರಣದಲ್ಲೂ ನಿಧಾನವಾಗುತ್ತಾನೆ. ಕಿವಿಗೊಡದೆ ನುಡಿಸಿದವನು ಸಭೆಯನ್ನು ಹಿಂದೆ ಬಿಟ್ಟು ಓಡುತ್ತಾನೆ. ಅನುಭವಸ್ಥರು ಮಾಡುವುದು ಇದು: ಚರಣದೊಳಗೆ ಗತಿಯನ್ನು ಬಿಗಿಯಾಗಿ ಹಿಡಿದು, ಚರಣದ ಕೊನೆಯಲ್ಲಿ ನಿಂತು, ಎಲ್ಲರೂ ಬಂದು ಸೇರಿ ಉಸಿರು ತೆಗೆದುಕೊಳ್ಳುವವರೆಗೆ ಕಾಯುವುದು. ನಮ್ಮ ಮೇಷ್ಟರು ಕಾಯುತ್ತಿದ್ದದ್ದು ಹಿಂದಿನ ಬೆಂಚಿನ ಅಜ್ಜಿಯರಿಗಾಗಿ. ಖಾಲಿ ಕೋಣೆಯಲ್ಲಿ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ದಾಖಲೆ ಮಾಡಿಸಿದಾಗಲೂ ಅವರ ಕೈ ಅಭ್ಯಾಸಬಲದಿಂದ ಅಷ್ಟೇ ಹೊತ್ತು ಕಾದಿದೆ. ಇದು ತಾಳದ ದೋಷವಲ್ಲ, ಈ ಕಟ್ಟಡದ ಅಳತೆ.

ಹಾಗಾದರೆ ಅಭ್ಯಾಸ ಮಾಡುವವರಿಗೆ ತಾಳದ ಸದ್ದು ಬೇಡವೇ? ಬೇಕು. ಅದಕ್ಕೆ ಮಾರ್ಗವಿದೆ, ಮತ್ತು ಅದು ಹೊಸ ಮಾರ್ಗವೇನೂ ಅಲ್ಲ. ಸ್ವರಗಳನ್ನು ಗೆರೆಗಳ ಬಳಿಗೆ ಎಳೆಯುವ ಬದಲು ಗೆರೆಗಳನ್ನೇ ಸ್ವರಗಳ ಬಳಿಗೆ ಒಯ್ಯುವುದು. ಮೇಷ್ಟರು ತಾಳಯಂತ್ರವಿಲ್ಲದೆ ಸ್ವತಂತ್ರವಾಗಿ ನುಡಿಸಿರುವುದರಿಂದ ಪರದೆಯ ಮೇಲಿರುವ ಗೆರೆಗಳಿಗೂ ಅವರ ವಾದನಕ್ಕೂ ಮೊದಲಿನಿಂದಲೇ ಸಂಬಂಧವಿಲ್ಲ. ಕ್ಯೂಬೇಸ್‌ನಲ್ಲಿ ‘ಟೈಮ್ ವಾರ್ಪ್’ ಎಂಬ ಉಪಕರಣವಿದೆ. ಬೇರೆ ತಂತ್ರಾಂಶಗಳಲ್ಲೂ ಇದಕ್ಕೆ ಸಮನಾದದ್ದಿದೆ. ಸ್ವರಗಳು ಕಾಲದಲ್ಲಿ ಇದ್ದಲ್ಲೇ ಸ್ಥಿರವಾಗಿ ನಿಲ್ಲುವಂತೆ ಮೊದಲು ಬಂಧಿಸಿಕೊಂಡು, ಆಮೇಲೆ ಒಂದೊಂದು ಆವರ್ತದ ಮೊದಲ ಗೆರೆಯನ್ನೂ ಹಿಡಿದು ಮೇಷ್ಟರು ಆ ಮಾತ್ರೆಯನ್ನು ನುಡಿಸಿದ ಜಾಗಕ್ಕೆ ಎಳೆಯುತ್ತ ಹೋಗಬೇಕು. ತಂತ್ರಾಂಶ ಪ್ರತಿ ಆವರ್ತಕ್ಕೂ ಗತಿಯನ್ನು ತಾನೇ ಲೆಕ್ಕಹಾಕುತ್ತದೆ: ಇಲ್ಲಿ 72, ಇಲ್ಲಿ 70, ಚರಣದ ಕೊನೆಗೆ 51, ಮತ್ತೆ 73. ಗತಿಯ ಈ ನಕ್ಷೆ ಮಿಡಿ ಕಡತದೊಳಗೇ ಉಳಿಯುತ್ತದೆ. ಈಗ ತಾಳದ ಸದ್ದನ್ನು ಹಚ್ಚಿದರೆ ಅದು ಮೇಷ್ಟರನ್ನು ಹಿಂಬಾಲಿಸುತ್ತದೆ. ಅವರು ನಿಂತಲ್ಲಿ ನಿಲ್ಲುತ್ತದೆ, ಹೊರಟಾಗ ಹೊರಡುತ್ತದೆ. ಸ್ವರಲಿಪಿಯನ್ನು ಮುದ್ರಿಸಿದರೂ ಆವರ್ತಗಳು ಸರಿಯಾಗಿ ಬೀಳುತ್ತವೆ. ಮೂವತ್ತೆರಡು ಆವರ್ತಗಳ ಗೀತೆಗೆ ಅರ್ಧ ಗಂಟೆಯ ಕೆಲಸ. ಕ್ವಾಂಟೈಜ್ ಮಾಡುವುದು ಅರೆಕ್ಷಣದ ಕೆಲಸವೆಂಬುದು ನಿಜ. ಆದರೆ ನೂರು ವರ್ಷಗಳ ನಂತರ ಮಾಡುತ್ತಿರುವ ಕೆಲಸಕ್ಕೆ ಅರ್ಧ ಗಂಟೆ ಹೆಚ್ಚಲ್ಲ.

ನಕ್ಷೆ ಸಿದ್ಧವಾದ ಮೇಲೆಯೂ ಕೆಲವು ಸ್ವರಗಳು ಕಿವಿಗೆ ಚುಚ್ಚುವಷ್ಟು ಅತ್ತಿತ್ತ ಇದ್ದರೆ, ಆಗ ಆ ಕೆಲವಕ್ಕೆ ಮಾತ್ರ ಅರ್ಧ ಬಲದ ಕ್ವಾಂಟೈಜ್ ಸಾಕು. 40 ಮಿಲಿಸೆಕೆಂಡು ತಡವಾದ ಸ್ವರ 20 ಮಿಲಿಸೆಕೆಂಡಿಗೆ ಬರುತ್ತದೆ. ಕಿವಿ ಅದನ್ನು ಕ್ಷಮಿಸುತ್ತದೆ. ಸ್ವರದ ಆರಂಭಕ್ಕೆ ಮಾತ್ರ ಇದನ್ನು ಅನ್ವಯಿಸಿ, ಅಂತ್ಯವನ್ನು ಮುಟ್ಟಬೇಡಿ. ಆರು ಮಾತ್ರೆಯ ತಾಳದ ಗೀತೆಗೆ ನಾಲ್ಕರ ಗೆರೆಗಳನ್ನು ಇಟ್ಟುಕೊಂಡು ತಿದ್ದಲು ಹೊರಟರೆ ಲಾಲಿ ಹಾಡು ಕವಾಯತು ಆಗುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಗ್ರೆಗೋರಿಯನ್ ಗಾನದ ವಿಷಯದಲ್ಲಂತೂ ಈ ಗೆರೆಗಳ ಹಂಗೇ ಬೇಡ. ಸೊಲೆಮ್ ಮಠದ ಪರಂಪರೆಯಲ್ಲಿ ಅದನ್ನು ಹಾಡುವುದು ಮಾತಿನ ಓಟವನ್ನು ಅನುಸರಿಸಿ, ಸಮ ತಾಳವನ್ನಲ್ಲ. ಗುರುಮಠದಲ್ಲಿ ಲತೀನ್ ಗಾನವನ್ನು ಕಲಿತ ನಮ್ಮಂಥವರಿಗೆ, ಅದನ್ನು ಚೌಕಟ್ಟಿಗೆ ಬಡಿದು ಕೂರಿಸಿದ್ದನ್ನು ಕೇಳಿದರೆ ಹಲ್ಲು ಜುಮ್ಮೆನ್ನುತ್ತದೆ.

ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ತಡವಾಗಿದ್ದರೆ ಅದು ವಾದಕರ ತಪ್ಪಲ್ಲ, ಯಂತ್ರದ ವಿಳಂಬ. ಇಡೀ ಸಾಲನ್ನು ಅಷ್ಟು ಹಿಂದಕ್ಕೆ ಸರಿಸಿದರೆ ಮುಗಿಯಿತು.

ಒತ್ತಿನ ವಿಷಯದಲ್ಲಿ ಎಲ್ಲವನ್ನೂ 100ಕ್ಕೆ ಸಮಗೊಳಿಸುವ ದುರಭ್ಯಾಸವೊಂದು ಹಬ್ಬಿದೆ. ಬೆಟ್ಟವನ್ನೂ ಕಣಿವೆಯನ್ನೂ ಸಮಮಾಡಿ ರಸ್ತೆ ಹಾಕಿದಂತೆ ಅದು. ತೀರ ಎದ್ದುನಿಂತ ನಾಲ್ಕಾರು ಸ್ವರಗಳನ್ನು ಅಕ್ಕಪಕ್ಕದವುಗಳ ಮಟ್ಟಕ್ಕೆ ತಗ್ಗಿಸಿ, ಕುಸಿದವನ್ನು ಸ್ವಲ್ಪ ಎತ್ತಿ, ಉಳಿದವನ್ನು ಬಿಟ್ಟುಬಿಡುವುದೇ ಸರಿ. ಮೇಷ್ಟರ ಬಲಗೈಯ ಕಿರುಬೆರಳು ಈಗ ಬಲಗುಂದಿರುವುದರಿಂದ ಮೇಲಿನ ಸ್ವರ, ಅಂದರೆ ಹಾಡಿನ ಧಾಟಿಯೇ, ಕೆಲವೆಡೆ ಹಿಂದೆ ಬೀಳುತ್ತದೆ. ಅಲ್ಲಿ ಆ ಸ್ವರಗಳಿಗೆ ಹತ್ತೋ ಹದಿನೈದೋ ಅಂಕ ಸೇರಿಸುವುದು ಅವರ ಇಂಗಿತವನ್ನೇ ನೆರವೇರಿಸಿದಂತೆ. ಅವರೇ ಒಪ್ಪಿದ್ದಾರೆ.

ಶ್ರುತಿ ಬದಲಾವಣೆ ಸುಲಭ. ಸಭೆಗೆ ಗೀತೆ ಎತ್ತರವಾದರೆ ಎಲ್ಲ ಸ್ವರಸಂಖ್ಯೆಗಳಿಂದ ಎರಡನ್ನು ಕಳೆದರೆ ಒಂದು ಪೂರ್ಣ ಸ್ವರದಷ್ಟು ಇಳಿಯುತ್ತದೆ, ಗತಿ ಕೆಡುವುದಿಲ್ಲ. ಆದರೆ 10ನೆಯ ಮಾರ್ಗವನ್ನು ಬಿಟ್ಟು ಇಳಿಸಿ! ಸಾಮಾನ್ಯ ಪಟ್ಟಿಯ ಪ್ರಕಾರ ಅದು ತಾಳವಾದ್ಯಗಳಿಗೆ ಮೀಸಲು, ಮತ್ತು ಅಲ್ಲಿ ಒಂದೊಂದು ಸಂಖ್ಯೆಯೂ ಒಂದೊಂದು ವಾದ್ಯ. ಅದನ್ನೂ ಎರಡು ಇಳಿಸಿದರೆ ಒಂದು ಡೋಲಿನ ಜಾಗದಲ್ಲಿ ಮತ್ತೊಂದು ಬಡಿಯತೊಡಗುತ್ತದೆ.

ರಾಗದ ಧಾಟಿಯಲ್ಲಿರುವ ನಮ್ಮ ಕನ್ನಡ ಗೀತೆಗಳ ಬಗ್ಗೆ ಒಂದು ಮಾತು. ಗಮಕವನ್ನು ಮಿಡಿಯಲ್ಲಿ ತರಲು ‘ಪಿಚ್ ಬೆಂಡ್’ ಎಂಬ ಚಕ್ರವಿದೆ. ಅದಕ್ಕೆ 16,384 ಹಂತಗಳಿರುವುದರಿಂದ ಸೂಕ್ಷ್ಮತೆಗೇನೂ ಕೊರತೆಯಿಲ್ಲ. ಕಷ್ಟವಿರುವುದು ಬೇರೆ ಕಡೆ: ಒಂದು ಮಾರ್ಗದಲ್ಲಿರುವ ಸ್ವರಗಳೆಲ್ಲವೂ ಒಟ್ಟಿಗೆ ಬಾಗುತ್ತವೆ. ಧಾಟಿಯ ಗಾಂಧಾರವನ್ನು ತೂಗಿದರೆ ಕೆಳಗಿನ ಆಧಾರ ಷಡ್ಜವೂ ತೂಗಾಡುತ್ತದೆ. ಧಾಟಿಗೂ ಹಿನ್ನೆಲೆಗೂ ಬೇರೆ ಬೇರೆ ಮಾರ್ಗ ಕೊಟ್ಟರೆ ಇದು ನೀಗುತ್ತದೆ. ಆದರೂ ನನ್ನ ಅಭಿಪ್ರಾಯದಲ್ಲಿ ಇಂಥ ಗೀತೆಗಳ ಧಾಟಿಯನ್ನು ಹಾಡಿದವರ ದನಿಯಲ್ಲೇ ಧ್ವನಿಮುದ್ರಿಸಿ, ಹಾರ್ಮೋನಿಯಂ ಹಿನ್ನೆಲೆಯನ್ನು ಮಾತ್ರ ಮಿಡಿಯಲ್ಲಿ ಇಡುವುದು ಉತ್ತಮ. ಹಾರ್ಮೋನಿಯಂ ಹೇಗೂ ಗಮಕಕ್ಕೆ ಬಾಗದ ವಾದ್ಯ.

ಶುದ್ಧಗೊಳಿಸಿದ ಈ ಕಡತಗಳನ್ನು ಬಲಿಪೂಜೆಯಲ್ಲೇ ನುಡಿಸಿಬಿಟ್ಟರೆ ವಾದಕರು ಇಲ್ಲದ ದಿನವೂ ತೊಂದರೆಯಿಲ್ಲವಲ್ಲ ಎಂದು ಕೆಲವರು ಕೇಳಿದ್ದಾರೆ. ಧರ್ಮಸಭೆಯ ನಿಲುವು ವಾದ್ಯಗಳ ವಿಷಯದಲ್ಲಿ ಕಾಲಕಾಲಕ್ಕೆ ಸಡಿಲಗೊಂಡಿದೆ. ಜಗದ್ಗುರು ಹತ್ತನೆಯ ಪಯಸ್ ಅವರು 1903ರಲ್ಲಿ ದೇವಾಲಯದೊಳಗೆ ಪಿಯಾನೊವನ್ನೇ ನಿಷೇಧಿಸಿದ್ದರು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಕೊಳವೆಯ ಆರ್ಗನ್ನಿಗೆ ಗೌರವಸ್ಥಾನವನ್ನು ಉಳಿಸಿಕೊಂಡೇ, ಅಧಿಕಾರವುಳ್ಳವರ ಸಮ್ಮತಿಯ ಮೇರೆಗೆ ಇತರ ಯೋಗ್ಯ ವಾದ್ಯಗಳಿಗೂ ಬಾಗಿಲು ತೆರೆಯಿತು. ಆದರೆ ತಾನಾಗಿಯೇ ನುಡಿಯುವ ಯಂತ್ರಗಳ ಪ್ರಶ್ನೆ ಬೇರೆ. ರೋಮಿನ ಪೂಜಾವಿಧಿಗಳ ಪರಿಷತ್ತು 1958ರ ಸೂಚನಾಪತ್ರದಲ್ಲಿ ಸ್ವಯಂಚಾಲಿತ ಆರ್ಗನ್ನು, ಗ್ರಾಮೊಫೋನು, ಟೇಪು ಮುಂತಾದವು ಪೂಜಾವಿಧಿಯಲ್ಲಿ ಗಾಯಕರ ಅಥವಾ ಸಭೆಯ ಸ್ಥಾನವನ್ನು ಆಕ್ರಮಿಸಕೂಡದೆಂದು ಹೇಳಿದೆ. ಅದರ ಕಾರಣ ನನಗೆ ಇಂದಿಗೂ ಸಮಂಜಸವೆನಿಸುತ್ತದೆ. ಯಂತ್ರ ಅಜ್ಜಿಯರಿಗಾಗಿ ಕಾಯುವುದಿಲ್ಲ. ಮೇಷ್ಟರ ಕಾಯುವಿಕೆಯನ್ನೇ ಅದರೊಳಗೆ ತುಂಬಿಟ್ಟಿದ್ದರೂ, ಇಂದು ಬಂದಿರುವ ಸಭೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು ಅದಕ್ಕೆ ಕೇಳಿಸದು. ಆದಕಾರಣ ಈ ಕಡತಗಳು ಅಭ್ಯಾಸಕ್ಕೆ ಮತ್ತು ಮುಂದಿನ ವಾದಕರ ಕಲಿಕೆಗೆ ಮಾತ್ರ.

ಇದುವರೆಗೆ ಹೇಳಿದ್ದರ ಆಧಾರದ ಮೇಲೆ ಹೀಗೆ ಮಾಡೋಣವೆಂದು ಮೇಷ್ಟರೊಡನೆಯೂ ಸಮಿತಿಯವರೊಡನೆಯೂ ಮಾತನಾಡಿ ನಿಶ್ಚಯಿಸಿದ್ದೇನೆ. ಪ್ರತಿಯೊಂದು ಗೀತೆಗೂ ಮೂರು ಕಡತಗಳಿರಲಿ. ಮೂಲ ಕಡತ, ನಡುಕ ಸಹಿತವಾಗಿ, ಯಾರೂ ತಿದ್ದಲಾಗದಂತೆ ಬೀಗ ಹಾಕಿ ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇರತಕ್ಕದ್ದು. ಒಂದು ಪ್ರತಿ ಧರ್ಮಕೇಂದ್ರದ ದಾಖಲೆಗಳ ಕಪಾಟಿನಲ್ಲಿ. ಎರಡನೆಯದು, ನಡುಕವನ್ನೂ ಸವರಿದ ಸ್ವರಗಳನ್ನೂ ತೆಗೆದು, ಗತಿಯ ನಕ್ಷೆಯನ್ನು ಅಳವಡಿಸಿದ್ದು. ಇದೇ ನಮ್ಮ ಪ್ರಮಾಣ ಕಡತ. ಮೂರನೆಯದು ಹೊಸದಾಗಿ ಸೇರಿದ ಮಕ್ಕಳಿಗಾಗಿ, ಸಮಗತಿಯಲ್ಲಿ, ಒಂದೊಂದು ಕಂಠಕ್ಕೂ ಬೇರೆ ಸಾಲಿನಲ್ಲಿ. ಇದರಲ್ಲಿ ತರುಣರು ಮನಸಾರೆ ಕ್ವಾಂಟೈಜ್ ಮಾಡಿಕೊಳ್ಳಲಿ, ನನ್ನ ಆಕ್ಷೇಪಣೆಯಿಲ್ಲ. ಮೂರರ ಹೆಸರಿನಲ್ಲೂ ತಾರೀಖು ಮತ್ತು ತಿದ್ದಿದವರ ಹೆಸರು ಇರಲಿ. ಈಗಾಗಲೇ ತಿದ್ದಿರುವ ನಾಲ್ಕು ಗೀತೆಗಳನ್ನು ಮೂರನೆಯ ವರ್ಗಕ್ಕೆ ಸೇರಿಸಿ, ಎರಡನೆಯದನ್ನು ಮೂಲದಿಂದ ಹೊಸದಾಗಿ ತಯಾರಿಸಬೇಕು.

ಗುರುವಾರ ಸಂಜೆ ಆರೂವರೆಗೆ ಕೆಲಸ ಆರಂಭಿಸೋಣ. ಕಿವಿಗೆ ಹಾಕುವ ಯಂತ್ರವಿದ್ದವರು ತನ್ನಿ. ಮೇಷ್ಟರೂ ಬರಲು ಒಪ್ಪಿದ್ದಾರೆ. ಗರಿಗಳ ಭಾನುವಾರದ ಗೀತೆಯ ಪಲ್ಲವಿಯ ಕಡೆಯ ಸ್ವರಮೇಳದಲ್ಲಿ ಒಂದು ಕಪ್ಪು ಕೀಲಿ ಸೇರಿಕೊಂಡಿದೆ. ಒತ್ತು 58, ಉದ್ದ ಎರಡು ಮಾತ್ರೆ. ಸವರಿದ ಸ್ವರವೆನ್ನಲು ಅದು ತೀರ ಗಟ್ಟಿ, ಬೇಕೆಂದು ಒತ್ತಿದ್ದೆನ್ನಲು ಶಾಸ್ತ್ರಕ್ಕೆ ಹೊರಗು. ಮೂರು ಚರಣಗಳಲ್ಲಿ ಎರಡನೆಯದರಲ್ಲಿ ಮಾತ್ರ ಇದೆ. ಅದರ ವಿಷಯವನ್ನು ಅವರೇ ಕೇಳಿ ಹೇಳಬೇಕು. ಅಲ್ಲಿಯವರೆಗೆ ಯಾರೂ ಅದನ್ನು ಮುಟ್ಟಬೇಡಿ.